ಗೆರೆಯಣ್ಣನ ಅಳತೆಕೋಲು

ಆಟದ ಮೈದಾನಕ್ಕೆ ಗೆರೆ ಹಾಕುವುದೂ ಒಂದು ಕಸುಬು ಎಂದರೆ ಎಷ್ಟೋ ಜನ ನಂಬುವುದಿಲ್ಲ. ಗೆರೆ ತಾನಾಗಿಯೇ ಅಲ್ಲಿರುತ್ತದೆ ಎಂದುಕೊಂಡಿರುತ್ತಾರೆ. ಅದೇ ಕಸುಬಿನಲ್ಲಿ ಬದುಕು ಸವೆಸಿದವನೊಬ್ಬನಿದ್ದ. ಹೆತ್ತವರು ಇಟ್ಟ ಹೆಸರು ಬೇರೆ. ಮೈದಾನದಲ್ಲಿ ಎಲ್ಲರಿಗೂ ಅವನು ಗೆರೆಯಣ್ಣ.

ಗೆರೆಯಣ್ಣ ಕುಳ್ಳ, ಗಟ್ಟಿ ಆಳು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಸುಣ್ಣದ ಪುಡಿ ಮೂಗಿಗೆ ಹೋಗುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದಳು. ಬಟ್ಟೆ ಕಟ್ಟಿದರೆ ಕಣ್ಣು ಮಂಜಾಗುತ್ತದೆ ಎನ್ನುತ್ತಿದ್ದ. ಬಾಯಿಗೆ ಕಟ್ಟಿದರೆ ಕಣ್ಣು ಯಾಕೆ ಮಂಜಾಗಬೇಕು ಎನ್ನುವುದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಅವರದು ಎರಡು ಕೋಣೆಯ ಮನೆ. ಮಂಚದ ಕೆಳಗೆ ಸುಣ್ಣದ ಮೂಟೆ, ಅಡುಗೆ ಕಟ್ಟೆಯ ಕೆಳಗೆ ಬಣ್ಣದ ಡಬ್ಬ, ಬಾಗಿಲ ಮೇಲೆ ಎರಡು ಮೊಳೆಯ ಆಸರೆಯಲ್ಲಿ ಅಳತೆಕೋಲು. ಓಟದ ಟ್ರ್ಯಾಕಿನಲ್ಲಿ ಒಂದು ಲೇನ್ ಎಷ್ಟು ಅಗಲವೋ ಕೋಲು ಅಷ್ಟೇ ಉದ್ದ. ಅದನ್ನು ಅವನೇ ಕೀಸಿ ನುಣುಪು ಮಾಡಿದ್ದ. ಬಟ್ಟೆ ಒಣಹಾಕಲು ಒಮ್ಮೆ ಅವಳು ಅದನ್ನು ತೆಗೆದುಕೊಂಡಳು. ಆ ದಿನ ಅವನು ಊಟ ಬಿಟ್ಟ. ಆಮೇಲೆ ಅವಳು ಮುಟ್ಟಲಿಲ್ಲ.

ಕೆಲಸಕ್ಕೆ ಇಬ್ಬರೂ ಹೋಗುತ್ತಿದ್ದರು. ಟ್ರ್ಯಾಕಿನ ಒಳಗಡೆ ಇಟ್ಟಿಗೆಯ ಅಂಚು ಇತ್ತು. ಅದನ್ನು ಹಿಡಿದು ಮೊದಲ ಗೆರೆ. ಆ ಗೆರೆಯ ಮೇಲೆ ಕೋಲಿನ ಒಂದು ತುದಿ ಇಟ್ಟು ಅವನು ಕುಕ್ಕರಗಾಲಲ್ಲಿ ಕೂರುತ್ತಿದ್ದ. ಇನ್ನೊಂದು ತುದಿ ಅವಳ ಕೈಯಲ್ಲಿ. ಅವನು ಕಣ್ಣು ಕಿರಿದು ಮಾಡಿ ನೋಡಿ "ಇತ್ತ" ಎನ್ನುತ್ತಿದ್ದ. ಅವಳು ತುದಿಯನ್ನು ಸ್ವಲ್ಪ ಸರಿಸುವಳು. "ಅತ್ತ" ಎನ್ನುತ್ತಿದ್ದ. ಮತ್ತೆ ಸರಿಸುವಳು. ಕೊನೆಗೆ "ಹೂಂ" ಎಂದರೆ ಅಲ್ಲಿ ಮೊಳೆ ಹೊಡೆಯಬೇಕು. ಹೀಗೆ ಈ ಕೊನೆಯಲ್ಲಿ, ನಡುವೆ, ಆ ಕೊನೆಯಲ್ಲಿ ಮೊಳೆ ಹೊಡೆದು, ಹುರಿ ಎಳೆದು, ಹುರಿಯ ಗುಂಟ ತೂತಿನ ಡಬ್ಬದಿಂದ ಸುಣ್ಣ ಉದುರಿಸಿದರೆ ಒಂದು ಗೆರೆ. ಆ ಗೆರೆಯಿಂದ ಮುಂದಿನದು. ಇಡೀ ದಿನ ಅವನ ಬಾಯಿಂದ ಬರುತ್ತಿದ್ದುದು ಆ ಮೂರು ಮಾತು. ಅವನು ಏನು ನೋಡಿ ಇತ್ತ, ಅತ್ತ ಎನ್ನುತ್ತಾನೆ ಎಂದು ಅವಳು ಕೇಳಿರಲಿಲ್ಲ. ಗಂಡಸರಿಗೆ ಏನಾದರೊಂದು ಹೇಳುತ್ತಿರಬೇಕು ಎಂದುಕೊಂಡಿದ್ದಳು.

ಭಾನುವಾರ ಮಾತ್ರ ಆ ಮನೆಯಲ್ಲಿ ಮಾತು ಇರುತ್ತಿತ್ತು. ಗೆರೆಯಣ್ಣನ ತಂಗಿ, ತಮ್ಮ ಇಬ್ಬರೂ ಊಟಕ್ಕೆ ಬರುತ್ತಿದ್ದರು. ತಂಗಿ ಶಾಲೆಯಲ್ಲಿ ಲೆಕ್ಕದ ಟೀಚರ್. ತಮ್ಮ ಮನೆಗಳಿಗೆ ಟೈಲ್ಸ್ ಕೂರಿಸುವವನು. ಒಂದು ಭಾನುವಾರ ತಂಗಿ ಉತ್ತರಪತ್ರಿಕೆಯ ಕಟ್ಟನ್ನು ಅಲ್ಲಿಗೇ ತಂದು ತಿದ್ದುತ್ತಿದ್ದಳು. ಸಮಾನಾಂತರ ರೇಖೆ ಎಂದರೇನು ಎಂಬ ಪ್ರಶ್ನೆಗೆ ಒಂದು ಮಗು ರೈಲು ಹಳಿಯ ಹಾಗೆ ಇರುವುದು ಎಂದು ಬರೆದಿತ್ತು. ಅವಳು ಕೆಂಪು ಗೀಟು ಎಳೆದಳು.

"ಯಾಕೆ ಹೊಡ್ದೆ? ಸರಿಯಾಗೇ ಇದೆಯಲ್ಲ," ಎಂದ ಗೆರೆಯಣ್ಣ. "ಹಳಿ ಮಧ್ಯೆ ಎಲ್ಲಿ ಅಳೆದ್ರೂ ಒಂದೇ ಅಂತರ. ಹೆಸರಲ್ಲೇ ಇದೆ, ಸಮ ಅಂತರ ಅಂತ."

"ಹೆಸರಿಗೆಲ್ಲ ಮಾರ್ಕ್ಸ್ ಕೊಡಲ್ಲ ನಾನು. ಹಳಿ ತಿರುವಲ್ಲಿ ಬಗ್ಗತ್ತೆ ಅಣ್ಣಾ. ಬಗ್ಗಿದ್ದು ಸರಳರೇಖೆ ಅಲ್ಲ."

"ನನ್ನ ಟ್ರ್ಯಾಕೂ ಬಗ್ಗತ್ತೆ. ಅಲ್ಲೂ ಅದೇ ಕೋಲು, ಅದೇ ಅಂತರ. ಬಗ್ಗಿದ ತಕ್ಷಣ ಅದರ ಜಾತಿ ಕೆಟ್ಟುಹೋಯ್ತಾ?"

"ಒಂದೇ ಸಮತಲದಲ್ಲಿರೋ ಎರಡು ಸರಳರೇಖೆ, ಎರಡೂ ಕಡೆ ಎಷ್ಟು ಬೆಳೆಸಿದ್ರೂ ಒಂದಕ್ಕೊಂದು ಸೇರಬಾರದು. ಪುಸ್ತಕದಲ್ಲಿ ಇರೋದು ಇಷ್ಟೇ."

"ಎಷ್ಟು ಬೆಳೆಸಿದ್ರೂ ಅಂದ್ರೆ ಎಲ್ಲೀವರೆಗೆ? ನನ್ನ ಮೈದಾನ ಕಾಂಪೌಂಡ್ ಗೋಡೆಗೆ ಮುಗೀತು. ಗೋಡೆ ಆಚೆ ಪಂಕ್ಚರ್ ಅಂಗಡಿ. ಅವನ ಅಂಗಡಿ ಒಳಗೆ ಹೋಗಿ ಸೇರ್ಕೊಂಡ್ವಾ ಅಂತ ನೋಡ್ಕೊಂಡು ಬರ್ಲಾ?"

"ಹೋಗಿ ನೋಡೋದಲ್ಲ, ಯೋಚನೆ ಮಾಡೋದು."

"ಯೋಚನೆಗೆ ಸುಣ್ಣ ಅಂಟಲ್ಲಮ್ಮ."

ತಮ್ಮ ತಟ್ಟೆ ಮುಂದೆ ಎಳೆದುಕೊಂಡು ಕೂತವನು ಬಾಯಿ ಹಾಕಿದ. "ಇಬ್ರೂ ಸುಮ್ನಿರಿ. ಒಂದು ಅಡ್ಡಗೆರೆ ಹಾಕು. ಮೂಲೆಮಟ್ಟ ಇಡು. ಅದಕ್ಕೆ ನೆಟ್ಟಗೆ, ಅಂದ್ರೆ ತೊಂಬತ್ತು ಡಿಗ್ರಿಗೆ, ಒಂದು ಗೆರೆ ಎಬ್ಬಿಸು, ಪಕ್ಕದಲ್ಲಿ ಇನ್ನೊಂದು ಎಬ್ಬಿಸು. ಎರಡೂ ಒಂದೇ ಅಡ್ಡಗೆರೆಗೆ ನೆಟ್ಟಗೆ ನಿಂತ್ರೆ ಮುಗೀತು. ಕೋಲೂ ಬೇಡ, ಪಂಕ್ಚರ್ ಅಂಗಡೀನೂ ಬೇಡ."

"ನೀನು ಹೇಳ್ತಿರೋದು ಹೇಗೆ ಎಳೀಬೇಕು ಅಂತ. ನಾನು ಹೇಳ್ತಿರೋದು ಅದು ಏನು ಅಂತ. ಎರಡೂ ಬೇರೆ," ಎಂದಳು ಟೀಚರ್.

"ಹಾಗಾದ್ರೆ ಕೇಳು. ಗೋಡೆ ಮೇಲೆ ಅಡ್ಡ ಒಂದು ಗೆರೆ. ನೆಲದ ಮೇಲೆ ಆ ಗೋಡೆಯಿಂದ ದೂರ ಹೋಗೋ ಒಂದು ಗೆರೆ. ಅವೆರಡು ಈ ಜನ್ಮದಲ್ಲಿ ಸೇರಲ್ಲ. ಅವೂ ಸಮಾನಾಂತರವಾ?"

"ಒಂದೇ ಸಮತಲದಲ್ಲಿ ಅಂತ ಮೊದಲೇ ಹೇಳಿದ್ದೆ. ಅರ್ಧ ಕೇಳಿಸ್ಕೊಳ್ಳೋದು ನಿನ್ನ ಹುಟ್ಟುಗುಣ ಕಣೋ."

"ಅತ್ತಿಗೆ, ನೀವೇ ಹೇಳಿ," ಎಂದ ತಮ್ಮ.

"ನಂಗೆ ಗೊತ್ತಿರೋದು ಹುರಿ ಹಿಡಿಯೋದು. ಊಟ ಆರ್ತಿದೆ, ತಿನ್ನಿ," ಎಂದಳು ಹೆಂಡತಿ.

ಈ ಜಗಳ ಆ ದಿನಕ್ಕೆ ಮುಗಿಯಲಿಲ್ಲ. ಬೇರೆ ವಿಷಯ ಇಲ್ಲದ ಭಾನುವಾರಗಳಲ್ಲೆಲ್ಲ ಅದನ್ನೇ ತೆಗೆಯುತ್ತಿದ್ದರು. ಗೆರೆಯಣ್ಣ ಕೊನೆಯವರೆಗೂ ಅಂತರವನ್ನು ಬಿಡಲಿಲ್ಲ. ತಮ್ಮ ಒಂದು ಮೂಲೆಮಟ್ಟ ತಂದುಕೊಟ್ಟಿದ್ದ. ಅದು ಮಂಚದ ಕೆಳಗೆ ಸುಣ್ಣದ ಮೂಟೆಯ ಹಿಂದೆ ಬಿದ್ದಿತ್ತು.

ಒಂದು ಮಧ್ಯಾಹ್ನ ಗೆರೆಯಣ್ಣ ಊಟ ಮಾಡಿ, ಸ್ವಲ್ಪ ಒರಗುತ್ತೇನೆ ಎಂದು ಮಂಚಕ್ಕೆ ಹೋದ. ಚಹಾಕ್ಕೆ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಡಾಕ್ಟರು ಎದೆಬಡಿತ ನಿಂತಿದೆ ಎಂದರು. ಸಾಯುವವರು ಏನಾದರೂ ಹೇಳಿ ಹೋಗುತ್ತಾರೆ ಎಂದು ಅವಳು ಕೇಳಿದ್ದಳು. ಅವನು ಹೇಳಿದ್ದು ಒರಗುತ್ತೇನೆ ಎಂದು. ಅವಳು ಅತ್ತಳು. ಅದನ್ನು ಹೇಳಿ ಪ್ರಯೋಜನವಿಲ್ಲ, ಎಲ್ಲರೂ ಅಳುತ್ತಾರೆ.

ನಾದಿನಿ ಬಂದು, ನಮ್ಮ ಮನೆಯಲ್ಲಿ ಬಂದು ಇರು ಎಂದಳು. ಮನಸ್ಸಿನಿಂದಲೇ ಕರೆದಳು. ಆ ಮನೆಯಲ್ಲಿ ಕೋಣೆ ಇತ್ತು, ಗಾಳಿ ಬೆಳಕು ಇತ್ತು. ಮಾಡಲು ಏನೂ ಇರಲಿಲ್ಲ. ಸುಮ್ಮನೆ ಇರುವುದು ಅವಳಿಗೆ ಬರುತ್ತಿರಲಿಲ್ಲ. ಅವಳಿಗೆ ಮೈದಾನದ ಕೆಲಸ ಬೇಕಾಗಿತ್ತು. ಅದು ಕೈತಪ್ಪಿದರೆ ಇನ್ನೊಬ್ಬರ ಮನೆಯ ಕೋಣೆಯೇ ಗತಿ. ಕೋಲನ್ನು ಬಾಗಿಲ ಮೇಲಿಂದ ಇಳಿಸಿಕೊಂಡು ಮೈದಾನದ ಮೇಲ್ವಿಚಾರಕನ ಕೋಣೆಗೆ ಹೋದಳು.

ಮೇಲ್ವಿಚಾರಕ ಕೆಟ್ಟವನಲ್ಲ. ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಶಾಲೆಗಳ ಓಟ ಬರ್ತಿದೆಯಮ್ಮ. ಟ್ರ್ಯಾಕಿಗೆ ಹೊಸ ಮಣ್ಣು ಹಾಕಿ ರೋಲರ್ ಹೊಡ್ಸಿದೀನಿ. ಹಳೇ ಗೆರೆ ಒಂದೂ ಉಳಿದಿಲ್ಲ."

"ನಾನು ಹಾಕ್ತೀನಿ ಸರ್."

"ನೀವು ಆ ತುದೀಲಿ ಹಿಡೀತಿದ್ರಿ. ಅಳತೆ ಎಲ್ಲ ಅವರದ್ದೇ ಇತ್ತಲ್ಲ."

"ಹಿಡಿದೇ ಕಲ್ತಿದ್ದು."

ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ಗೆರೆ ಹಾಕೋ ಯಂತ್ರ ಇಟ್ಕೊಂಡಿರೋ ಒಬ್ಬರು ಬಂದು ಈ ಕೆಲಸ ಕೇಳಿ ಹೋಗಿದಾರೆ. ಅವ್ರಿಗೆ ಇನ್ನೂ ಹೂಂ ಅಂದಿಲ್ಲ. ನೀವು ಮೊದಲು ಟ್ರ್ಯಾಕಿನ ನೇರ ಭಾಗ ಹಾಕಿ ತೋರಿಸಿ. ಸರಿ ಬಂದ್ರೆ ಮೈದಾನ ನಿಮ್ಮ ಕೈಲೇ ಇರತ್ತೆ. ಬರದಿದ್ರೆ ಬೇಜಾರು ಮಾಡ್ಕೋಬೇಡಿ."

"ಆಗ್ಲಿ," ಎಂದಳು.

ಜೊತೆಗೆ ಬರಲು ಮೈದುನ ಟೈಲ್ಸ್ ಕೆಲಸಕ್ಕೆ ರಜೆ ಹಾಕಿದ. ಬರುವಾಗ ತನ್ನ ಮೂಲೆಮಟ್ಟ ಹಿಡಿದುಕೊಂಡೇ ಬಂದ. ಅದನ್ನು ನೋಡಿ ಅವಳು ಮುಖ ಗಂಟು ಹಾಕಿದಳು.

"ಅದನ್ನ ಚೀಲಕ್ಕೆ ಹಾಕು. ನಿಮ್ಮಣ್ಣ ಒಂದು ದಿನವೂ ಅಂಥದ್ದನ್ನ ಮುಟ್ಟಿದವರಲ್ಲ."

"ಆ ಕೊನೇಲಿ ಈ ಕೊನೇಲಿ ಒಂದೊಂದ್ಸಲ ಇಟ್ಟು ನೋಡೋಣ ಅತ್ತಿಗೆ."

"ಕೋಲಿದೆ. ಸಾಕು."

ಹೊಸ ಮಣ್ಣು ಕೆಂಪಗೆ, ಸಮನಾಗಿ ಬಿದ್ದಿತ್ತು. ಮೊದಲ ಗೆರೆಗೆ ಒಂದು ತುದಿಯಲ್ಲಿ ಹುರಿಯನ್ನು ಮೊಳೆಗೆ ಕಟ್ಟಿ ಅವಳು ಇನ್ನೊಂದು ತುದಿಗೆ ನಡೆದಳು. ಗೆರೆಯಣ್ಣ ಇದ್ದಾಗ ಹುರಿ ಬಿಗಿಯಾದ ಕೂಡಲೇ ಆ ಕಡೆಯಿಂದ ಎರಡು ಸಲ ಜಗ್ಗುತ್ತಿದ್ದ, ಆಯಿತು ಎಂದು. ಮೊಳೆ ಜಗ್ಗುವುದಿಲ್ಲ. ಅವಳು ಹುರಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗಂಟು ಹಾಕಿದಳು.

ಕೋಲು ಇಡುವುದು ಅವಳು, ಮೊಳೆ ಹೊಡೆಯುವುದು ಮೈದುನ ಎಂದು ಆಯಿತು. ಅವಳ ಎಡಗೈಯಲ್ಲಿ ಮೊಳೆಯ ಡಬ್ಬ, ಬಲಗೈಯಲ್ಲಿ ಕೋಲು. ಇತ್ತ ಎನ್ನಲು, ಅತ್ತ ಎನ್ನಲು ಯಾರೂ ಇಲ್ಲ. ಕೋಲಿಟ್ಟಳು, ಮೊಳೆ ಹೊಡೆಸಿದಳು, ಮುಂದೆ ಹೋದಳು. ಕೆಲಸ ಬೇಗ ಸಾಗಿತು. ಇಷ್ಟು ಸುಲಭದ ಕೆಲಸಕ್ಕೆ ಆ ಮನುಷ್ಯ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದನಲ್ಲ ಎಂದು ಒಂದು ಗಳಿಗೆ ಸಿಟ್ಟೂ ಬಂತು. ಮಧ್ಯಾಹ್ನ ದಾಟುವ ಹೊತ್ತಿಗೆ ಎಂಟು ಲೇನ್‌ಗಳೂ ಆದವು. ಆರಂಭದ ಅಡ್ಡಗೆರೆಯನ್ನೂ ಎಳೆದರು. ಮೇಲ್ವಿಚಾರಕ ಕೋಣೆಯ ಕಿಟಕಿಯಿಂದ ನೋಡಿ ಕೈ ಎತ್ತಿದ. ಬೆಳ್ಳಗೆ, ನೇರವಾಗಿ, ನೋಡಲು ಚೆನ್ನಾಗಿಯೇ ಇತ್ತು.

ಮೈದುನ ಹೊರಗಿನ ಅಂಚಿನ ಕಲ್ಲಿನ ಹತ್ತಿರ ಬಗ್ಗಿ ನಿಂತಿದ್ದ. ಕೊನೆಯ ಗೆರೆ ಆ ಕಲ್ಲಿಗೆ ತಾಗಿಕೊಂಡು ಬರಬೇಕಾಗಿತ್ತು. ವರ್ಷಗಟ್ಟಲೆ ಹಾಗೇ ಬರುತ್ತಿತ್ತು. ಈಗ ಗೆರೆಗೂ ಕಲ್ಲಿಗೂ ನಡುವೆ ಕೆಂಪು ಮಣ್ಣು ಕಾಣುತ್ತಿತ್ತು.

"ಅತ್ತಿಗೆ, ಇಲ್ಲಿ ಬನ್ನಿ. ನಾಲ್ಕು ಬೆರಳು ಜಾಗ ಉಳಿದಿದೆ."

"ಸೊಟ್ಟ ಹೋಗಿರ್ಬೇಕು. ಆ ಕೊನೇಲಿ ನೋಡು."

ಅವನು ಆ ಕೊನೆಗೆ ಹೋಗಿ ಬೆರಳಿಟ್ಟ. ಅಲ್ಲೂ ನಾಲ್ಕು ಬೆರಳು. ನಡುವೆಯೂ ನಾಲ್ಕೇ. ಚೀಲದಿಂದ ಮೂಲೆಮಟ್ಟ ತೆಗೆದು ಅಡ್ಡಗೆರೆಗೆ ಇಟ್ಟು ನೋಡಿದ. ಪ್ರತಿ ಗೆರೆಯೂ ನೆಟ್ಟಗೆ ಕೂತಿತ್ತು. ತಲೆ ಕೆರೆದುಕೊಂಡ.

"ಅಣ್ಣನ ಲೆಕ್ಕಕ್ಕೂ ಸರಿ ಇದೆ, ನನ್ನ ಲೆಕ್ಕಕ್ಕೂ ಸರಿ ಇದೆ. ಒಂದಕ್ಕೊಂದು ಸೇರೋದೂ ಇಲ್ಲ, ಅಕ್ಕನ ಲೆಕ್ಕಕ್ಕೂ ಸರಿ. ಆದ್ರೂ ಜಾಗ ಉಳೀತು. ಕೋಲು ಸವೆದಿದೆಯಾ?"

ಟೇಪು ಹಿಡಿದು ಕೋಲನ್ನು ಅಳೆದರು. ಕೋಲು ಸರಿಯಾಗಿತ್ತು. ಲೇನ್ ಅಳೆದರು. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಕಡಿಮೆ. ಅವಳು ಟೇಪು ಕೆಳಗಿಟ್ಟಳು. ಅಂಚಿನ ಕಲ್ಲಿನ ಮೇಲೆ ಕೂತಳು.

ಶಾಲೆ ಬಿಟ್ಟು ನಾದಿನಿ ನೇರ ಅಲ್ಲಿಗೇ ಬಂದಳು. ಕೆಲಸ ಹೇಗಾಯಿತು ಎಂದು ನೋಡುವ ಆತುರ ಅವಳಿಗೂ ಇತ್ತು. ಮೈದುನ ಇದ್ದದ್ದನ್ನು ಹೇಳಿದ.

"ಮೂರು ಜನದ ಮಾತಿಗೂ ಒಪ್ಪೋ ಗೆರೆ ಇವು. ಇಷ್ಟು ವರ್ಷದ ಜಗಳಕ್ಕೆ ಒಂದು ರಾಜಿ ಆಯ್ತು ನೋಡು ಅಕ್ಕಾ," ಎಂದ.

ನಾದಿನಿ ಗೆರೆಗಳನ್ನು ನೋಡಿದಳು. "ಮೂರೂ ಸರಿನೇ. ಆದ್ರೆ ಮೂರರಲ್ಲಿ ಯಾವುದೂ ಅಗಲ ಎಷ್ಟು ಅಂತ ಹೇಳಲ್ಲವಲ್ಲ. ಅಂತರ ಸಮ ಅನ್ನತ್ತೆ, ಎಷ್ಟು ಅನ್ನಲ್ಲ." ಆಮೇಲೆ ಕೇಳಿದಳು, "ಅತ್ತಿಗೆ, ನೀನು ಕೋಲು ಹೇಗಿಟ್ಟೆ, ಒಂದ್ಸಲ ಇಟ್ಟು ತೋರ್ಸು."

ಅವಳು ಎದ್ದು, ಡಬ್ಬ ಎಡಗೈಗೆ ತೆಗೆದುಕೊಂಡು, ಬಲಗೈಯಲ್ಲಿ ಕೋಲಿಟ್ಟಳು. ಇಟ್ಟ ಮೇಲೆ ನಾದಿನಿ ಕೋಲಿನ ಕಡೆ ನೋಡಿದಳು. ಅದು ಗೆರೆಗೆ ನೆಟ್ಟಗಿರಲಿಲ್ಲ. ಬಲಕ್ಕೆ ಚೋಟುದ್ದ ವಾಲಿತ್ತು. ಇನ್ನೊಂದು ಕಡೆ ಇಡಿಸಿದಳು. ಅಲ್ಲೂ ಅಷ್ಟೇ ವಾಲಿತ್ತು.

"ಪ್ರತಿ ಸಲ ಒಂದೇ ಓರೆ," ಎಂದಳು ನಾದಿನಿ. "ಅದಕ್ಕೇ ಗೆರೆ ಕೆಟ್ಟಿಲ್ಲ. ಇದನ್ನೂ ನಾನು ಮಕ್ಕಳಿಗೆ ಹೇಳಿಕೊಡ್ತೀನಿ. ಎರಡು ಗೆರೆಗೆ ಅಡ್ಡ ಒಂದು ಗೆರೆ ಹಾದು ಹೋಗಿ, ಎರಡರಲ್ಲೂ ಒಂದೇ ಕೋನ ಮಾಡಿದ್ರೆ ಅವು ಸಮಾನಾಂತರ. ಕೋನ ನೆಟ್ಟಗೇ ಇರಬೇಕು ಅಂತಿಲ್ಲ, ಓರೆ ಆದ್ರೂ ನಡೆಯತ್ತೆ. ಆದ್ರೆ ಕೋಲು ಓರೆ ಆದಷ್ಟೂ ಅಗಲ ತಿಂದುಬಿಡತ್ತೆ."

ಅವಳು ಕೋಲಿನ ತುದಿಯನ್ನು ಹಾಗೇ ಹಿಡಿದು ಕೂತಿದ್ದಳು. ಒಂದು ಸಲ ಎಡಕ್ಕೆ ಸರಿಸಿದಳು. ತುದಿ ಬುಡದ ಗೆರೆಯಿಂದ ಸ್ವಲ್ಪ ದೂರ ಹೋಯಿತು. ಇನ್ನೂ ಸರಿಸಿದಳು. ಮತ್ತೆ ಹತ್ತಿರ ಬಂತು. ವಾಪಸು ತಂದಳು. ಎಲ್ಲಿ ಅತಿ ದೂರ ಹೋಗುತ್ತದೋ ಅಲ್ಲಿ ನಿಲ್ಲಿಸಿದಳು.

"ಇತ್ತ, ಅತ್ತ ಅಂದ್ರೆ ಇದು," ಎಂದಳು.

ಮೈದುನ ಮೂಲೆಮಟ್ಟವನ್ನು ಕೋಲಿನ ಬುಡಕ್ಕೆ ಇಟ್ಟ. ಕೂದಲೆಳೆಯ ಸಂದೂ ಇರಲಿಲ್ಲ.

"ನೋಡಿದ್ರಾ? ಜನ್ಮವಿಡೀ ಮೂಲೆಮಟ್ಟ ಬೇಡ ಅಂತ ನನ್ನ ಹತ್ರ ಜಗಳ ಆಡಿ, ದಿನಾ ಕಣ್ಣಲ್ಲಿ ಅದನ್ನೇ ಇಡ್ತಿದ್ದ."

"ನೆಟ್ಟಗೆ ಅಳೀದೆ ಅಂತರ ಅನ್ನೋ ಮಾತೇ ಇಲ್ಲ ಕಣೋ," ಎಂದಳು ನಾದಿನಿ. "ಅವನ ಮಾತಿನ ಹೊಟ್ಟೆಯೊಳಗೆ ನಿನ್ನ ಮಾತು ಮೊದಲಿಂದ್ಲೂ ಇತ್ತು. ಅಷ್ಟು ಭಾನುವಾರದಲ್ಲಿ ನಂಗೂ ಹೊಳೀಲಿಲ್ಲ."

"ಒಂದ್ಸಲ ಒಪ್ಪಿಸ್ಬೇಕಿತ್ತು ಅವನನ್ನ."

"ಈಗ ಯಾರನ್ನ ಒಪ್ಪಿಸ್ತೀಯಾ," ಎಂದಳು ಅತ್ತಿಗೆ.

ಅವನು ಮೂಲೆಮಟ್ಟವನ್ನು ಕೆಳಗಿಟ್ಟ. ಮೈದಾನದ ಆಚೆ ಪಂಕ್ಚರ್ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು.

ಮೈದುನ ಕಲ್ಲಿನ ಹತ್ತಿರದ ಮಣ್ಣನ್ನು ಕಾಲಲ್ಲಿ ಸವರಿದ. "ಅತ್ತಿಗೆ, ಹೀಗೇ ಬಿಟ್ರೂ ಯಾರಿಗೂ ಕಾಣಲ್ಲ. ಒಂದೊಂದು ಲೇನ್‌ಗೆ ಅರ್ಧ ಬೆರಳು. ಓಡೋ ಮಕ್ಕಳು ಬೆರಳಿಟ್ಟು ನೋಡ್ತಾರಾ? ಸಾಹೇಬ್ರು ಕಿಟಕಿಯಿಂದ ಕೈ ಬೇರೆ ಎತ್ತಿದಾರೆ."

"ಕೋಲು ಸರಿಯಿದೆ. ಹಿಡಿದ ಕೈ ಸರಿಯಿಲ್ಲ. ಇವತ್ತು ಬಿಟ್ರೆ ಕೈ ಹೀಗೇ ಉಳಿಯತ್ತೆ."

ಪೊರಕೆ ತಂದು ಅವಳೇ ಮೊದಲು ಗುಡಿಸಲು ಶುರು ಮಾಡಿದಳು. ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ಪೊರಕೆ ಹಿಡಿದಳು. ಸುಣ್ಣ ಎದ್ದು ಕಣ್ಣಿಗೆ ಹೋಯಿತು. ಕೆಮ್ಮುತ್ತಾ ಗುಡಿಸಿದರು. ಕತ್ತಲಾಗುವ ಮುಂಚೆ ಮಣ್ಣು ಮತ್ತೆ ಕೆಂಪಗಾಯಿತು. ಒಳಗಿನ ಮೊದಲ ಗೆರೆ ಒಂದನ್ನು ಉಳಿಸಿಕೊಂಡರು. ಅದು ಕೋಲಿನಿಂದ ಹುಟ್ಟಿದ್ದಲ್ಲ, ಇಟ್ಟಿಗೆಯಿಂದ ಹುಟ್ಟಿದ್ದು.

ಬಾಗಿಲು ಹಾಕಿ ಹೊರಟ ಮೇಲ್ವಿಚಾರಕ ಮೈದಾನ ನೋಡಿ ನಿಂತುಬಿಟ್ಟ.

"ಏನಮ್ಮ ಇದು? ಮಧ್ಯಾಹ್ನ ಇತ್ತಲ್ಲ ಎಲ್ಲ?"

"ಅಗಲ ಕಡಿಮೆ ಬಿತ್ತು ಸರ್. ಅಳಿಸಿದೆ."

"ಯಾರು ಹೇಳಿದ್ದು ಕಡಿಮೆ ಅಂತ? ನಾನಿನ್ನೂ ಅಳತೆನೇ ಮಾಡಿಲ್ಲ."

"ಕಲ್ಲಿನ ಹತ್ರ ಜಾಗ ಉಳೀತು."

ಅವನು ಕಲ್ಲಿನ ಕಡೆ ನೋಡಿದ. ಅಲ್ಲೀಗ ಏನೂ ಇರಲಿಲ್ಲ. "ನಾಳೆ ಮಧ್ಯಾಹ್ನ ಆ ಯಂತ್ರದವರಿಗೆ ಉತ್ತರ ಹೇಳ್ಬೇಕು ನಾನು. ಖಾಲಿ ಮೈದಾನ ತೋರಿಸಿ ಏನು ಹೇಳ್ಲಿ?"

"ಮಧ್ಯಾಹ್ನಕ್ಕೆ ಮುಂಚೆ ಬಂದು ನೋಡಿ ಸರ್. ಆಮೇಲೆ ಏನು ಬೇಕಾದ್ರೂ ಹೇಳಿ."

ಮರುದಿನ ಬೆಳಗ್ಗೆ ಮೊಳೆಯ ಡಬ್ಬವನ್ನು ಮೈದುನನ ಕೈಗೆ ಕೊಟ್ಟಳು. ಕೋಲನ್ನು ಎರಡೂ ಕೈಯಲ್ಲಿ ಹಿಡಿದಳು. ಪ್ರತಿ ಮೊಳೆಗೂ ತುದಿಯನ್ನು ಆಚೆ ಈಚೆ ಆಡಿಸಿ, ಅತಿ ದೂರ ಸಿಕ್ಕ ಕಡೆ ನಿಲ್ಲಿಸಿ, "ಹೂಂ" ಎಂದಳು. ಮೊದಮೊದಲು ಮೈದುನ ಪ್ರತಿ ಸಲವೂ ಮೂಲೆಮಟ್ಟ ಇಟ್ಟು ನೋಡಿದ. ಅವಳು ಬೇಡ ಎನ್ನಲಿಲ್ಲ. ನಾಲ್ಕನೆಯ ಲೇನ್‌ನಿಂದ ಅವನೇ ಇಡುವುದನ್ನು ಬಿಟ್ಟ. ಕೆಲಸ ನಿಧಾನವಾಯಿತು. ಬಿಸಿಲೇರಿತು. ಕೊನೆಯ ಗೆರೆಯ ಸುಣ್ಣ ಉದುರಿಸುವಾಗ ಡಬ್ಬದ ಅಂಚು ಕಲ್ಲಿಗೆ ಉಜ್ಜಿಕೊಂಡು ಹೋಯಿತು.

ಮೇಲ್ವಿಚಾರಕ ಟೇಪು ಹಿಡಿದು ಬಂದ. ಕಣ್ಣಿಗೆ ಬಿದ್ದ ಒಂದು ಲೇನನ್ನು ಈ ಕೊನೆಯಲ್ಲಿ ಅಳೆದ, ನಡುವೆ ಅಳೆದ, ಆ ಕೊನೆಯವರೆಗೂ ನಡೆದು ಅಲ್ಲೂ ಅಳೆದ. ಇನ್ನೊಂದನ್ನು ಅಳೆದ. ಹಣೆಯ ಬೆವರು ಒರೆಸಿಕೊಂಡು ವಾಪಸು ಬಂದ.

"ತಿರುವು?" ಎಂದ. "ಅಲ್ಲಿ ಹುರಿ ನಿಲ್ಲಲ್ಲ."

"ಅಲ್ಲಿ ಹುರಿ ಬೇಡ ಸರ್. ಹೆಜ್ಜೆಗೊಂದು ಮೊಳೆ ಹೊಡೆದು ಕೋಲಲ್ಲೇ ಹೋಗ್ತೀನಿ. ನಾಳೆ ಸಂಜೆ ಆಗತ್ತೆ."

"ಮುಂದಿನ ತಿಂಗಳು ಒಳಗಡೆ ಆಟದ ಸಿಮೆಂಟ್ ಅಂಕಣಕ್ಕೆ ಗೆರೆ ಹಾಕೋದಿದೆ. ಅಲ್ಲಿ ಬಣ್ಣ. ಬಣ್ಣ ಪೊರಕೆಗೆ ಹೋಗಲ್ಲ, ನೆನಪಿರ್ಲಿ."

"ಗೊತ್ತು. ಮೊದಲು ಸುಣ್ಣದಲ್ಲಿ ಹಾಕಿ ನೋಡ್ಕೋತೀನಿ. ಆಮೇಲೆ ಬಣ್ಣ."

ಅವನು ಟೇಪು ಸುತ್ತಿಕೊಂಡ. ಕಿಸೆಗೆ ಕೈ ಹಾಕಿ ಗೇಟಿನ ಬೀಗದ ಕೈ ತೆಗೆದು ಅವಳಿಗೆ ಕೊಟ್ಟ. ಆಮೇಲೆ ಯಂತ್ರದವರಿಗೆ ಫೋನ್ ಮಾಡಲು ಕೋಣೆಯ ಕಡೆ ನಡೆದ.